ಜೊತೆಗಾರರ ಗುಂಪು ಕಟ್ಟಿ ನಡೆಸುವ ಕೆಲಸ

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಮನೆಗೆ ಹೊರಟವರ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಹೆಸರಿರುತ್ತದೆ. ಎಷ್ಟು ಮಿಲಿಗ್ರಾಂ, ಬೆಳಗ್ಗೆಯೋ ರಾತ್ರಿಯೋ, ಮತ್ತೆ ಯಾವಾಗ ಬರಬೇಕು ಎಂಬುದೂ ಇರುತ್ತದೆ. ಪಕ್ಕದ ಮನೆಯವರು "ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?" ಎಂದರೆ ಏನು ಹೇಳಬೇಕು, ಅಂಗಡಿ ಕೆಲಸಕ್ಕೆ ವಾಪಸ್ ಹೋಗುವಾಗ ಮಾಲೀಕರಿಗೆ ಎಷ್ಟು ತಿಳಿಸಬೇಕು, ಆರೇ ತಿಂಗಳಲ್ಲಿ ಮೈ ಬಂದು ಹಳೆಯ ಬಟ್ಟೆ ಒಂದೂ ಆಗದಿದ್ದರೆ ಏನು ಮಾಡಬೇಕು, ಮನೆಯಲ್ಲಿ ಮದುವೆ ಮಾತು ಎತ್ತಿದರೆ ಯಾವ ಮುಖದಲ್ಲಿ ಉತ್ತರಿಸಬೇಕು ಎಂಬುದೆಲ್ಲ ಆ ಚೀಟಿಯಲ್ಲಿ ಇರುವುದಿಲ್ಲ. ಇವನ್ನು ಬಲ್ಲವರು ಅದೇ ದಾರಿಯಲ್ಲಿ ಮೊದಲೇ ನಡೆದು ಹೋದವರು.

ಅಂಥವರ ಗುಂಪನ್ನು ತಾಲ್ಲೂಕು ಕೇಂದ್ರದಂಥ ಊರಿನಲ್ಲಿ ಕಟ್ಟಿ ನಡೆಸುವಾಗ ಏನೇನು ಬೇಕಾಗುತ್ತದೆ, ಎಲ್ಲೆಲ್ಲಿ ಮುಗ್ಗರಿಸುತ್ತೇವೆ ಎಂಬುದನ್ನು ಬರೆದಿದ್ದೇವೆ. ಅದೇ ಕಾಯಿಲೆಯ ಅನುಭವ ಇದ್ದವರು ಕೊಡುವ ನೆರವಿಗೆ, ಅಂದರೆ ಪೀರ್ ಸಪೋರ್ಟ್ ಎನ್ನುವುದಕ್ಕೆ, ನಾವು 'ಜೊತೆಗಾರಿಕೆ' ಎನ್ನುತ್ತೇವೆ. ನಮ್ಮ ನಮ್ಮ ಕಾಯಿಲೆಯ ಕಥೆ ಇಲ್ಲಿಲ್ಲ. ಅದನ್ನು ಹೇಳುವುದಕ್ಕೆ ಬೇರೆ ಜಾಗವಿದೆ, ಒಂದು ಅಳತೆಯಿದೆ. ಆ ಅಳತೆ ತಿಳಿಯುವುದೇ ಈ ಕೆಲಸದ ಮುಕ್ಕಾಲು ಪಾಲು. ಆ ಮಾತಿಗೆ ಆಮೇಲೆ ಬರುತ್ತೇವೆ.

ಮೊದಲು ಜಾಗ. ಆಸ್ಪತ್ರೆಯ ಕೋಣೆ ಪುಕ್ಕಟೆ ಸಿಗುತ್ತದೆ, ಆದರೂ ಬೇಡ. ಅಲ್ಲಿ ಕೂತ ತಕ್ಷಣ ಜನ ತಮಗೇ ಗೊತ್ತಿಲ್ಲದೆ ಮತ್ತೆ ಪೇಷಂಟ್ ಆಗುತ್ತಾರೆ, ಮಾತು ಡಾಕ್ಟರಿಗೆ ಒಪ್ಪಿಸುವ ವರದಿಯಾಗುತ್ತದೆ. ದೇವಸ್ಥಾನ, ದರ್ಗಾ, ಚರ್ಚಿನ ಆವರಣವೂ ಬೇಡ. ಕಾಯಿಲೆ ಜೋರಾಗಿದ್ದಾಗ ಅಂಥ ಕಡೆಗೇ ಎಳೆದೊಯ್ದು ಏಟು ಹಾಕಿಸಿದ ನೆನಪು ಕೆಲವರಿಗಿರುತ್ತದೆ. ಭಾನುವಾರ ಖಾಲಿ ಇರುವ ಶಾಲೆಯ ಕೊಠಡಿ, ಸ್ತ್ರೀಶಕ್ತಿ ಸಂಘದ ಕಟ್ಟಡ, ಗ್ರಂಥಾಲಯದ ಮೇಲಿನ ಕೋಣೆ ಒಳ್ಳೆಯದು. ಅಲ್ಲಿಗೆ ಹೋಗುವುದನ್ನು ಯಾರು ಕಂಡರೂ ಪ್ರಶ್ನೆ ಏಳುವುದಿಲ್ಲ. ಬೋರ್ಡು ಹಾಕಬಾರದು. ಶೌಚಾಲಯ ಮತ್ತು ಕುಡಿಯುವ ನೀರು ಇರಲೇಬೇಕು. ಮನಸ್ಸಿನ ಏರಿಳಿತ ಹಿಡಿದಿಡಲು ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಬಾಯಾರಿಕೆ ಹೆಚ್ಚು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಬೇಸಿಗೆಯಲ್ಲಿ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ವಿಷವಾಗಬಹುದು.

ಬೆಳಗ್ಗೆ 9 ಗಂಟೆಗೆ ಕರೆದರೆ ಅರ್ಧ ಜನ ಬರುವುದಿಲ್ಲ. ಅದು ಸೋಮಾರಿತನವಲ್ಲ, ರಾತ್ರಿ ನುಂಗಿದ ಮಾತ್ರೆಯ ಮಂಪರು ಇನ್ನೂ ಇಳಿದಿರುವುದಿಲ್ಲ. 11ರಿಂದ 12.30 ಅನುಕೂಲ. ಹದಿನೈದು ದಿನಕ್ಕೊಮ್ಮೆ, ಒಂದೇ ವಾರ, ಒಂದೇ ಹೊತ್ತು. ದಿನ ಬದಲಾಯಿಸುತ್ತಾ ಹೋದರೆ ಗುಂಪು ಮೂರು ತಿಂಗಳಲ್ಲಿ ಕರಗುತ್ತದೆ. ಕುರ್ಚಿಗಳು ದುಂಡಗಿರಲಿ, ಬಾಗಿಲ ಬಳಿಯ ಎರಡು ಕುರ್ಚಿ ಹೊಸಬರಿಗೆ. ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂದು ಗೊತ್ತಿದ್ದವರು ಕೊನೆಯವರೆಗೂ ಕೂರುತ್ತಾರೆ. ಗೋಡೆಯ ಪಕ್ಕ ಓಡಾಡುವಷ್ಟು ಜಾಗ ಬಿಡಬೇಕು. ಕೆಲವು ಮಾತ್ರೆಗಳಿಂದ ಕೂತಲ್ಲಿ ಕೂರಲಾಗದ ಚಡಪಡಿಕೆ ಹುಟ್ಟುತ್ತದೆ. ಹೊಸಬರು ಅದನ್ನು ಬೇಸರ ಎಂದುಕೊಳ್ಳುತ್ತಾರೆ, ಮನೆಯವರು ಹಠ ಎನ್ನುತ್ತಾರೆ. ಡಾಕ್ಟರಿಗೆ ಹೇಳಿದರೆ ಕಡಿಮೆ ಮಾಡಬಹುದಾದ ಅಡ್ಡ ಪರಿಣಾಮ ಅದು. ಇನ್ನು ಟೀ. ಕೈ ನಡುಗುವವರು ಇದ್ದೇ ಇರುತ್ತಾರೆ, ಆದ್ದರಿಂದ ಲೋಟ ದೊಡ್ಡದು, ಟೀ ಅರ್ಧ. ಎಲ್ಲರಿಗೂ ಅಷ್ಟೇ ಹಾಕಬೇಕು. ನಡುಗುವವರಿಗೆ ಮಾತ್ರ ಅರ್ಧ ಕೊಟ್ಟರೆ ಬೆರಳು ಮಾಡಿ ತೋರಿಸಿದಂತಾಗುತ್ತದೆ.

ಎಂಟು ಜನ ಇದ್ದರೆ ಹದ. ನಾಲ್ಕಕ್ಕಿಂತ ಕಡಿಮೆಯಾದರೆ ಪ್ರತಿಯೊಬ್ಬರ ಮೇಲೂ ಮಾತಾಡಲೇಬೇಕೆಂಬ ಒತ್ತಡ ಬೀಳುತ್ತದೆ. ಹನ್ನೆರಡು ದಾಟಿದರೆ, ಆರಂಭಕ್ಕೂ ಮುಕ್ತಾಯಕ್ಕೂ ಹೋಗುವ 25 ನಿಮಿಷ ಕಳೆದು, ಒಬ್ಬರಿಗೆ ಐದು ನಿಮಿಷ ಸಿಗುವುದೂ ಕಷ್ಟ. ನಡೆಸುವವರು ಯಾವಾಗಲೂ ಇಬ್ಬರಿರಬೇಕು. ಒಬ್ಬರು ಮಾತು ನಡೆಸಿದರೆ ಇನ್ನೊಬ್ಬರು ಮುಖಗಳನ್ನು ನೋಡುತ್ತಿರಬೇಕು. ಯಾರಾದರೂ ಕಣ್ಣೊರೆಸಿಕೊಂಡು ಹೊರಗೆ ಹೋದರೆ ಹಿಂದೆಯೇ ಹೋಗುವುದು ಅವರ ಕೆಲಸ. ಒಬ್ಬರೇ ನಡೆಸುವ ಗುಂಪಿನಲ್ಲಿ ಹಾಗೆ ಹೊರಗೆ ಹೋದವರು ಬಸ್ ಹತ್ತಿ ಮನೆಗೇ ಹೋಗಿಬಿಡುತ್ತಾರೆ, ಮತ್ತೆ ಬರುವುದಿಲ್ಲ.

ನಡೆಸುವವರು ಪೂರ್ತಿ ಗುಣವಾದವರೇ ಆಗಿರಬೇಕೇ ಎಂದು ಮನೋವೈದ್ಯರೂ ಕೇಳುತ್ತಾರೆ. ಬೇಕಿಲ್ಲ. ಕಿವಿಯಲ್ಲಿ ದನಿ ಕೇಳುತ್ತಿದ್ದರೂ ಅದರೊಡನೆ ಕೆಲಸ, ಮನೆ, ಊಟ, ನಿದ್ದೆ ನಿಭಾಯಿಸಿಕೊಂಡಿರುವವರು ಬಹಳ ಒಳ್ಳೆಯ ಜೊತೆಗಾರರಾಗುತ್ತಾರೆ. 1987ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮನೋವೈದ್ಯ ಮಾರಿಯುಸ್ ರೋಮೆ ಮತ್ತು ಅವರಿಂದ ಚಿಕಿತ್ಸೆ ಪಡೆಯುತ್ತಿದ್ದ ಪ್ಯಾಟ್ಸಿ ಹಾಗೆ (Patsy Hage) ಎಂಬ ಮಹಿಳೆ ಶುರು ಮಾಡಿದ, ದನಿ ಕೇಳುವವರ ಚಳವಳಿ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. ನಾವು ನೋಡುವುದು ಮೂರು ಸಂಗತಿ: ಒಂದು ವರ್ಷದಿಂದ ಹೆಚ್ಚು ಏರುಪೇರಿಲ್ಲದೆ ಇದ್ದಾರೆಯೇ, ತಮ್ಮ ಚಿಕಿತ್ಸೆಯ ಸಂಪರ್ಕ ಬಿಟ್ಟಿಲ್ಲವೇ, ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕದೆ ಇರಬಲ್ಲರೇ. ಮೂರನೆಯದೇ ಅಪರೂಪ.

ಗುಂಪಿನಲ್ಲಿ ಸರ್, ಮೇಡಂ ಇಲ್ಲ. ಹೆಸರಿನ ಜೊತೆ 'ಅವರೇ', ಇಲ್ಲವೇ ಅಣ್ಣ, ಅಕ್ಕ. 'ನೀನು' ಎಂದು ಯಾರಿಗೂ ಅನ್ನುವುದಿಲ್ಲ, ಹತ್ತೊಂಬತ್ತರ ಹುಡುಗನಿಗೂ ನೀವು, ಬನ್ನಿ, ಕೂತ್ಕೊಳ್ಳಿ. ಕಾಯಿಲೆ ಬಂದ ದಿನದಿಂದ ಮನೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬೀದಿಯಲ್ಲಿ ಎಲ್ಲರೂ ಏಕವಚನಕ್ಕೆ ಇಳಿದಿರುತ್ತಾರೆ. ಬಹುವಚನ ಕಿವಿಗೆ ಬಿದ್ದಾಗ ಬಗ್ಗಿದ ತಲೆ ಮೇಲೇಳುವುದನ್ನು ಕಂಡ ಮೇಲೆ ಈ ಒಂದು ನಿಯಮವನ್ನು ನಾವು ಎಂದೂ ಸಡಿಲಿಸಿಲ್ಲ.

ಸಭೆ ಶುರುವಾಗುವುದು ನಿದ್ದೆಯ ಲೆಕ್ಕದಿಂದ. "ಹೇಗಿದ್ದೀರಿ?" ಎಂದರೆ ಎಲ್ಲರೂ "ಚೆನ್ನಾಗಿದ್ದೀನಿ" ಎನ್ನುತ್ತಾರೆ, ನಮ್ಮ ಕಡೆ ಅದೊಂದು ರೂಢಿ. "ಈ ವಾರ ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು?" ಎಂದರೆ ನಿಜ ಉತ್ತರ ಬರುತ್ತದೆ, ಹೇಳಲು ನಾಚಿಕೆಯೂ ಇಲ್ಲ. ಖಿನ್ನತೆ ಇರುವವರು "ಮೂರು ಗಂಟೆಗೆ ಎಚ್ಚರ ಆಗುತ್ತೆ, ಆಮೇಲೆ ಇಲ್ಲ" ಎಂದರೆ ಒಂದು ಅರ್ಥ. ಬೈಪೋಲಾರ್ (ಕೆಲವು ಕಾಲ ಖಿನ್ನತೆ, ಕೆಲವು ಕಾಲ ಮಿತಿಮೀರಿದ ಹುರುಪಿನ ಉನ್ಮಾದ ಬರುವ ಕಾಯಿಲೆ) ಇರುವವರು "ಮೂರೇ ಗಂಟೆ ಮಲಗಿದ್ರೂ ಸುಸ್ತೇ ಇಲ್ಲ, ಮೈ ಹಗುರ" ಎಂದರೆ ಇನ್ನೊಂದು ಅರ್ಥ. ಅದು ಉನ್ಮಾದ ಬರುತ್ತಿರುವ ಸೂಚನೆ, ಆ ವಾರವೇ ಡಾಕ್ಟರನ್ನು ಕಾಣಬೇಕು.

ನಿಯಮಗಳನ್ನು ಪ್ರತಿ ಸಲವೂ ಓದುತ್ತೇವೆ, ಒಂದೇ ನಿಮಿಷ. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು, ಯಾರದೇ ಜೀವಕ್ಕೆ ಅಪಾಯವಿದ್ದರೆ ಮಾತ್ರ ಈ ಮಾತು ಮುರಿಯುತ್ತೇವೆ. ಮಾತ್ರೆ ಶುರು ಮಾಡಿ, ನಿಲ್ಲಿಸಿ, ಅರ್ಧ ಮಾಡಿ ಎಂದು ಯಾರೂ ಯಾರಿಗೂ ಹೇಳಬಾರದು. ಸಾಲ, ಚೀಟಿ, ವಿಮೆ ಪಾಲಿಸಿ, ಶಕ್ತಿ ಪುಡಿಯ ವ್ಯಾಪಾರ ಇಲ್ಲ. ಈ ಕೊನೆಯದನ್ನು ಬರೆದಿಡದ ಗುಂಪುಗಳಲ್ಲಿ ಮೊದಲ ಜಗಳ ಹತ್ತುವುದು ದುಡ್ಡಿನ ಮೇಲೆಯೇ.

ಈಗ ಆ ಅಳತೆಯ ಮಾತು. ಅನುಭವ ಇದ್ದ ಮಾತ್ರಕ್ಕೆ ಜೊತೆಗಾರರಾಗುವುದಿಲ್ಲ. ಸ್ವಂತ ಅನುಭವವನ್ನು ಎಷ್ಟು, ಯಾವಾಗ, ಯಾರಿಗಾಗಿ ಹೇಳಬೇಕು ಎಂದು ತಿಳಿದಾಗ ಆಗುತ್ತಾರೆ. ನಮ್ಮ ತರಬೇತಿಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಎದುರಿನವರು ಎತ್ತಿದ ವಿಷಯಕ್ಕೆ ತಾಗುವಷ್ಟು ಮಾತ್ರ ಹೇಳುವುದು, ಎರಡು ನಿಮಿಷ ಮೀರದಿರುವುದು, ಕೊನೆಗೆ ಮಾತನ್ನು ಅವರಿಗೇ ಮರಳಿಸುವುದು. ತಾನು ಜೀವ ಕಳೆದುಕೊಳ್ಳಲು ಹೋಗಿದ್ದು ಹೇಗೆ ಎಂಬ ವಿವರ ಎಂದಿಗೂ ಬಾಯಿಂದ ಬರಬಾರದು. ಇನ್ನೂ ಹಸಿಯಾಗಿರುವ ಗಾಯವನ್ನು ಗುಂಪಿನ ಮುಂದೆ ಬಿಚ್ಚಬಾರದು. ಹೇಳುವಾಗ ಗಂಟಲು ಕಟ್ಟಿದರೆ ಆಗ ಗುಂಪೇ ನಮ್ಮನ್ನು ಸಂತೈಸಲು ಕೂರುತ್ತದೆ, ಬಂದವರ ಮಾತು ಅಲ್ಲಿಗೇ ನಿಲ್ಲುತ್ತದೆ.

ಮಾತ್ರೆಯ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ.

"ಇದನ್ನ ತಗೊಂಡ್ರೆ ಇಡೀ ದಿನ ತಲೆ ಭಾರ ರೀ. ಬಿಟ್ಬಿಡ್ಲಾ ಅನ್ಸುತ್ತೆ."

"ನಾನೂ ಬಿಟ್ಟೆ, ಏನೂ ಆಗ್ಲಿಲ್ಲ" ಎನ್ನುವುದು ಅಪಾಯ. ಲಿಥಿಯಂ ತಟ್ಟನೆ ನಿಂತರೆ ಉನ್ಮಾದ ಮರುಕಳಿಸುವ ಸಂಭವ ಹೆಚ್ಚು. ಖಿನ್ನತೆಯ ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂತಾಗುವುದು, ಸಿಡುಕು ಶುರುವಾಗುತ್ತದೆ. "ಡಾಕ್ಟ್ರು ಹೇಳಿದಂಗೆ ತಗೋಬೇಕಪ್ಪ" ಎನ್ನುವುದೂ ಉಪಯೋಗವಿಲ್ಲ, ಅದನ್ನು ಮನೆಯಲ್ಲಿ ದಿನಾ ಕೇಳಿಯೇ ಅವರು ಇಲ್ಲಿಗೆ ಬಂದಿರುತ್ತಾರೆ. ಜೊತೆಗಾರರು ಹೇಳುವುದು ಹೀಗೆ:

"ಆ ಭಾರ ನಂಗೂ ಗೊತ್ತು, ಕಣ್ಣು ಬಿಟ್ಕೊಂಡೇ ನಿದ್ದೆ ಮಾಡಿದಂಗೆ ಇರುತ್ತೆ. ನಿಮ್ಗೆ ಎಷ್ಟು ಗಂಟೆವರೆಗೂ ಇರುತ್ತೆ? ಬರ್ಕೊಳ್ಳೋಣ, ಮಂಗಳವಾರ ಡಾಕ್ಟ್ರಿಗೆ ತೋರ್ಸೋಕೆ."

ಬರೆದುಕೊಳ್ಳುವುದು ಮೂರೇ ಸಾಲು. ಹೋದ ಭೇಟಿಯಿಂದ ಏನು ಬದಲಾಯಿತು. ಅತಿ ಹೆಚ್ಚು ತೊಂದರೆ ಕೊಡುತ್ತಿರುವುದು ಯಾವುದು, ದಿನದ ಯಾವ ಹೊತ್ತು. ಕೇಳಬೇಕಾದ ಒಂದು ಪ್ರಶ್ನೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಜೊತೆಗೆ ಬಂದ ಅಪ್ಪನೋ ಗಂಡನೋ ಮಾತೆಲ್ಲ ತಾವೇ ಆಡಿ ಮುಗಿಸುತ್ತಾರೆ. ಚೀಟಿ ಕೈಯಲ್ಲಿದ್ದರೆ ಕಾಯಿಲೆಯವರು ತಾವೇ ಮಾತಾಡುತ್ತಾರೆ, ಡಾಕ್ಟರೂ ಅದನ್ನು ಓದಿ ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಬದಲಿಸುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಹಿಂದಿನ ದಿನ ಫೋನ್ ಮಾಡಿ ಬರುತ್ತಾರೋ ಇಲ್ಲವೋ ಖಚಿತ ಮಾಡಿಕೊಳ್ಳುವುದು, ಮೊದಲ ಸಲ ಹೋಗುವವರ ಜೊತೆ ಹೋಗಿ ಚೀಟಿ ಮಾಡಿಸುವ ಕಿಟಕಿ ತೋರಿಸುವುದು ಜೊತೆಗಾರರ ಕೆಲಸ. ಡಾಕ್ಟರ ಕೋಣೆಯೊಳಗೆ ಮಾತ್ರ ಕಾಯಿಲೆಯವರು ಕರೆದರಷ್ಟೇ ಹೋಗಬೇಕು.

ಹೆಂಗಸರಿಗೆ ತಿಂಗಳಿಗೊಮ್ಮೆ ಬೇರೆಯಾಗಿ ಕೂಟ ಮಾಡುತ್ತೇವೆ. ರಿಸ್ಪೆರಿಡೋನ್‌ನಂಥ ಮಾತ್ರೆಗಳು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಮುಟ್ಟು ನಿಲ್ಲಿಸಬಹುದು, ಬಸುರಿ ಬಾಣಂತಿಯಲ್ಲದವರಿಗೂ ಎದೆಯಲ್ಲಿ ಹಾಲು ಒಸರಬಹುದು. ಮದುವೆಯಾಗದ ಹುಡುಗಿಗೆ ಹೀಗಾದರೆ ಮನೆಯಲ್ಲಿ ಏನೇನು ಅನುಮಾನ ಹುಟ್ಟುತ್ತದೆಂದು ಹೇಳಬೇಕಿಲ್ಲ, ಅವಳು ಯಾರಿಗೂ ಹೇಳದೆ ಮಾತ್ರೆ ಎಸೆಯುತ್ತಾಳೆ. "ನಂಗೂ ಹಂಗೇ ಆಗಿತ್ತು, ಡಾಕ್ಟ್ರು ಬೇರೆ ಮಾತ್ರೆ ಕೊಟ್ರು, ಸರಿಹೋಯ್ತು" ಎಂದು ಒಬ್ಬ ಅಕ್ಕ ಹೇಳುವ ಒಂದು ವಾಕ್ಯಕ್ಕೆ ಎಷ್ಟು ಬೆಲೆ ಎಂಬುದು ಆ ಕೂಟದಲ್ಲಿ ಕೂತರೆ ಗೊತ್ತಾಗುತ್ತದೆ. ಮನಸ್ಸಿನ ಏರಿಳಿತಕ್ಕೇ ಕೊಡುವ ವ್ಯಾಲ್‌ಪ್ರೋಯೇಟ್ ಮಾತ್ರೆ ತೆಗೆದುಕೊಳ್ಳುವವರು ಮಗು ಬೇಕೆನ್ನುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಬೇಕು, ಗರ್ಭದ ಮಗುವಿಗೆ ಅದರಿಂದ ಹಾನಿಯಿದೆ ಎಂಬುದನ್ನೂ ಇಲ್ಲಿಯೇ ತಿಳಿಸುತ್ತೇವೆ.

ಇನ್ನೊಂದು ಸೂಕ್ಷ್ಮ ಜಾಗವಿದೆ. ಯಾರೋ "ಪಕ್ಕದ ಮನೆಯವರು ಗೋಡೆಯಾಚೆಯಿಂದ ನನ್ನ ಬಗ್ಗೆ ಮಾತಾಡ್ತಾರೆ" ಎಂದರೆ ಹೌದು ಎನ್ನಬಾರದು, ಹಾಗೇನೂ ಇಲ್ಲ ಎಂದು ವಾದಿಸಲೂಬಾರದು. ವಾದಕ್ಕಿಳಿದರೆ ನಾವೂ ಗೋಡೆಯಾಚೆಯವರ ಪಟ್ಟಿಗೆ ಸೇರುತ್ತೇವೆ. "ಅದು ಕೇಳಿದಾಗ ತುಂಬ ಭಯ ಆಗುತ್ತಾ? ಆಗ ಏನು ಮಾಡ್ತೀರಿ?" ಎಂದು ಭಯದ ಕಡೆಯಿಂದ ಮಾತಾಡಬೇಕು.

ನಾಲ್ಕೈದು ಸಭೆ ಆದ ಮೇಲೆ ಪ್ರತಿಯೊಬ್ಬರೂ ಒಂದು ಮುನ್ಸೂಚನೆಯ ಹಾಳೆ ಬರೆಯುತ್ತಾರೆ. ಬರೆಯಬೇಕಾದದ್ದು ಆರಾಮಾಗಿರುವಾಗ. ಮೂರು ಅಂಕಣ: ಕಾಯಿಲೆ ತಿರುಗಿ ಬರುವ ಮುಂಚೆ ನನ್ನಲ್ಲಿ ಏನು ಕಾಣುತ್ತದೆ, ಆಗ ನಾನು ಏನು ಮಾಡುತ್ತೇನೆ, ಯಾರಿಗೆ ಫೋನ್ ಮಾಡುತ್ತೇನೆ. 'ಬೇಸರವಾಗುತ್ತದೆ' ಎಂದು ಬರೆದರೆ ಪ್ರಯೋಜನವಿಲ್ಲ, ಹೊರಗಿನವರಿಗೂ ಕಾಣುವಂಥದ್ದು ಬೇಕು: ಎರಡು ದಿನ ಸ್ನಾನ ಮಾಡುವುದಿಲ್ಲ, ಫೋನ್ ಆಫ್ ಮಾಡಿಡುತ್ತೇನೆ, ರಾತ್ರಿ ಎರಡಕ್ಕೆ ಪಾತ್ರೆ ತೊಳೆಯುತ್ತೇನೆ, ಸಿಕ್ಕವರಿಗೆಲ್ಲ ಸಾಲ ಕೊಡುತ್ತೇನೆ, ಪೂಜೆ ಎರಡು ಗಂಟೆಗೆ ಏರುತ್ತದೆ. ಮೊದಲ ಅಂಕಣವನ್ನು ತುಂಬಲು ಮನೆಯವರ ನೆರವು ಬೇಕಾಗುತ್ತದೆ, ಏಕೆಂದರೆ ಉನ್ಮಾದ ಏರುವಾಗ ಆ ವ್ಯಕ್ತಿಗೆ ಅದು ಕಾಯಿಲೆಯಂತೆ ಕಾಣುವುದೇ ಇಲ್ಲ.

ಹಾಳೆಯನ್ನು ಕೊಟ್ಟು ತುಂಬಿಕೊಂಡು ಬನ್ನಿ ಎಂದರೆ ಖಾಲಿಯೇ ವಾಪಸ್ ಬರುತ್ತದೆ. ಪಕ್ಕದಲ್ಲಿ ಕೂತು ತುಂಬಿಸಬೇಕು. ಇದಕ್ಕೆ ಪುರಾವೆಯೂ ಇದೆ. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ತೀವ್ರ ಸ್ಥಿತಿಯ ಚಿಕಿತ್ಸೆ ಮುಗಿಸಿದ 441 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಇಂಥದೇ ಒಂದು ಕೈಪಿಡಿ. ಒಂದು ಗುಂಪಿಗೆ ಅಂಚೆಯಲ್ಲಿ ಕಳಿಸಿದರು. ಇನ್ನೊಂದು ಗುಂಪಿನವರ ಜೊತೆ ಅದೇ ಅನುಭವ ಇದ್ದ ಜೊತೆಗಾರರು ಹತ್ತು ಸಲದವರೆಗೆ ಕೂತು ಅದನ್ನು ತುಂಬಿಸಿದರು. ಒಂದು ವರ್ಷದೊಳಗೆ ಮತ್ತೆ ತುರ್ತು ಚಿಕಿತ್ಸೆಗೆ ಬಂದವರು ಅಂಚೆಯ ಗುಂಪಿನಲ್ಲಿ ಶೇ. 38, ಜೊತೆಗಾರರಿದ್ದ ಗುಂಪಿನಲ್ಲಿ ಶೇ. 29. ಆದರೆ ಅದೇ ದೇಶದಲ್ಲಿ, ಆಸ್ಪತ್ರೆಯಿಂದ ಮನೆಗೆ ಮರಳುವವರಿಗೆ ಜೊತೆಗಾರರನ್ನು ಕೊಟ್ಟು ನೋಡಿದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ (2022) ಮರುದಾಖಲಾತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಹೇಳಲೇಬೇಕು. ಜೊತೆಗಾರಿಕೆಯಿಂದ ಆಸ್ಪತ್ರೆಯ ಹಾಸಿಗೆ ಖಾಲಿಯಾಗುತ್ತದೆ ಎಂದು ಮಾತು ಕೊಟ್ಟು ಗುಂಪು ಶುರು ಮಾಡಬಾರದು. ಕೂತು ಒಂದು ನಿರ್ದಿಷ್ಟ ಕೆಲಸ ಮಾಡುವ ಜೊತೆಗಾರಿಕೆ, ಬರೀ ಹರಟೆಯ ಜೊತೆಗಾರಿಕೆಗಿಂತ ಗಟ್ಟಿ ಎಂಬುದು ನಮ್ಮ ಅಭಿಪ್ರಾಯ.

ಹಾಳೆಯ ಜೊತೆಗೇ ಕಾನೂನಿನ ಎರಡು ಕಾಗದಗಳನ್ನು ತಿಳಿಸುತ್ತೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 5ನೇ ಕಲಮಿನಂತೆ ವಯಸ್ಕರು ಯಾರೇ ಆಗಲಿ, ತಮಗೆ ಹುಷಾರು ತಪ್ಪಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಗಡವಾಗಿ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯವಾಗುವುದಿಲ್ಲ. 14ನೇ ಕಲಮಿನಂತೆ ತಮ್ಮ ಪರವಾಗಿ ನಿಲ್ಲುವ ಒಬ್ಬರನ್ನು ಬಿಳಿ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಿಕೊಳ್ಳಬಹುದು. ಅವರು ರಕ್ತಸಂಬಂಧಿಯೇ ಆಗಬೇಕೆಂದಿಲ್ಲ.

ಸಾಯುವ ಮಾತು ಬಂದಾಗ ಸುತ್ತಿ ಬಳಸಿ ಕೇಳಬಾರದು. "ಜೀವ ಕಳ್ಕೋಬೇಕು ಅನ್ನಿಸ್ತಿದೆಯಾ?" ಎಂದು ನೇರ ಕೇಳಬೇಕು, ಕೇಳುವುದರಿಂದ ಆ ಯೋಚನೆ ತಲೆಗೆ ಬರುವುದಿಲ್ಲ, ಒಳಗೆ ಇದ್ದದ್ದು ಹೊರಗೆ ಬರುತ್ತದೆ, ಅಷ್ಟೇ. ಹೌದು ಎಂದರೆ ಆ ಹೊತ್ತಿನಿಂದ ಅವರು ಒಂಟಿಯಾಗಿರಬಾರದು. ಇಬ್ಬರು ನಡೆಸುವವರಲ್ಲಿ ಒಬ್ಬರು ಅವರ ಜೊತೆ ಕೂರಬೇಕು, ಮನೆಯವರಿಗೆ ಹೇಳುತ್ತೇವೆ ಎಂದು ಅವರಿಗೇ ತಿಳಿಸಿ ಫೋನ್ ಮಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಪಾಯ ತಕ್ಷಣದ್ದಾದರೆ 112 ಇಲ್ಲವೇ 108. ಹಳ್ಳಿಮನೆಯಾದರೆ ಹೊಲಕ್ಕೆ ಹೊಡೆಯುವ ಔಷಧಿಯನ್ನು ಅದೇ ದಿನ ಬೇರೆ ಮನೆಗೆ ಸಾಗಿಸಬೇಕು, ಮಾತ್ರೆಯ ಡಬ್ಬಿ ಮನೆಯವರ ಕೈಯಲ್ಲಿರಬೇಕು. ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಡಬಾರದು. ಕೊಟ್ಟವರು ಆ ಭಾರ ಹೊತ್ತು ತಾವೇ ಕುಸಿಯುತ್ತಾರೆ. ಪೊಲೀಸ್ ಕೇಸಾಗುತ್ತದೆಂದು ಹೆದರಿ ಆಸ್ಪತ್ರೆಗೆ ಕರೆದೊಯ್ಯದ ಮನೆಗಳು ಈಗಲೂ ಇವೆ. ಆತ್ಮಹತ್ಯೆಗೆ ಯತ್ನಿಸಿದವರು, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ ಕಾಯ್ದೆಯ 115ನೇ ಕಲಮು ಹೇಳುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿಡಬೇಕು.

ಗುಂಪು ಕೆಡುವುದು ಹೆಚ್ಚಾಗಿ ಸಣ್ಣ ಸಂಗತಿಗಳಿಂದ. ಒಬ್ಬರೇ ಅರ್ಧ ಗಂಟೆ ಮಾತಾಡುತ್ತಾರೆ. ಅದಕ್ಕೆ ಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ನಡುವೆ ಇಡುತ್ತೇವೆ, ನಿಲ್ಲಿಸಿ ಎಂದು ಬಾಯಿ ಬಿಟ್ಟು ಹೇಳುವ ಪ್ರಸಂಗ ಕಡಿಮೆ. ಎರಡು ಮೂರು ಸಭೆ ಪೂರ್ತಿ ಮನೆಯವರ ಮೇಲಿನ ದೂರಿನಲ್ಲೇ ಕಳೆದರೆ ಹೊಸಬರು ಭಾರ ಹೊತ್ತು ಮನೆಗೆ ಹೋಗುತ್ತಾರೆ, ಆದ್ದರಿಂದ ಕೊನೆಯ ಹತ್ತು ನಿಮಿಷ 'ಮುಂದಿನ ಸಭೆಯೊಳಗೆ ನಾನು ಮಾಡುವ ಒಂದು ಕೆಲಸ' ಎಂಬುದಕ್ಕೇ ಮೀಸಲು. ಆ ಕೆಲಸ ಚಿಕ್ಕದಿರಬೇಕು: ಎರಡು ದಿನ ಸಂಜೆ ಕೆರೆ ಏರಿಯವರೆಗೆ ನಡೆಯುವುದು, ಬ್ಯಾಂಕಿಗೆ ತಾವೇ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸುವುದು. ವಾಟ್ಸ್ಯಾಪ್ ಗುಂಪು ಮಾಡಿದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ರಾತ್ರಿ ಎರಡು ಗಂಟೆಗೆ ಬಂದ ಒಂದು ಸಂದೇಶ ಎಂಟು ಜನರ ನಿದ್ದೆ ಕೆಡಿಸುತ್ತದೆ. ನಾವು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಸಭೆಯ ದಿನ ಮಾತ್ರ ತಿಳಿಸುತ್ತೇವೆ. ಅದು ತಲುಪಬೇಕಾದರೆ ಅವರ ಫೋನಿನಲ್ಲಿ ನಮ್ಮ ನಂಬರು ಉಳಿಸಿರಬೇಕು. ಮೊದಲ ದಿನವೇ ಕೂರಿಸಿ ಉಳಿಸಿಕೊಡಬೇಕು.

ಆಸ್ಪತ್ರೆಗಳ ಕಡೆಯಿಂದಲೂ ಒಂದು ತಪ್ಪಾಗುತ್ತದೆ. ಜೊತೆಗಾರರು ಸಿಕ್ಕರೆಂದು ಫೈಲು ಹೊರಲು, ಸಾಲು ನಿಲ್ಲಿಸಲು, ಮಾತ್ರೆ ಬಿಟ್ಟವರಿಗೆ ಗದರಲು ಬಳಸಿಕೊಳ್ಳುತ್ತಾರೆ. ಅಲ್ಲಿಗೆ ಜೊತೆಗಾರಿಕೆ ಮುಗಿಯಿತು. ಕಾಯಿಲೆಯವರ ಕಣ್ಣಿಗೆ ಅವರು ಸಿಬ್ಬಂದಿಯಾದರು. ಪುಕ್ಕಟೆ ದುಡಿಮೆಯೂ ಬಹಳ ದಿನ ನಡೆಯುವುದಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯ 1999ರಲ್ಲೇ ಈ ಕೆಲಸಕ್ಕೆ ಸರ್ಕಾರಿ ವಿಮೆಯಿಂದ ಹಣ ಕೊಡಲು ಶುರು ಮಾಡಿತು. ನಮ್ಮಲ್ಲಿ ಕನಿಷ್ಠ ಬಸ್ ಚಾರ್ಜು, ಮಧ್ಯಾಹ್ನದ ಊಟ, ಆ ದಿನದ ಕೂಲಿಯನ್ನಾದರೂ ಲೆಕ್ಕ ಹಾಕಿ ಕೊಡಬೇಕು ಎಂದು ನಾವು ಸಿಕ್ಕಲ್ಲೆಲ್ಲ ಕೇಳುತ್ತಲೇ ಇದ್ದೇವೆ.

ಸಭೆ ಮುಗಿದ ಮೇಲೆ ನಡೆಸಿದ ಇಬ್ಬರೂ ಹದಿನೈದು ನಿಮಿಷ ಕೂರುತ್ತಾರೆ. ಇವತ್ತು ಯಾರ ಮಾತು ನನ್ನ ತಲೆಯಲ್ಲಿ ಉಳಿಯಿತು, ಎಲ್ಲಿ ನಾನು ಅಳತೆ ಮೀರಿದೆ, ಯಾರಿಗೆ ನಾಳೆ ಫೋನ್ ಮಾಡಬೇಕು. ಇದನ್ನು ಬಿಟ್ಟ ಗುಂಪುಗಳಲ್ಲಿ ನಡೆಸುವವರೇ ಮೊದಲು ಕುಸಿಯುತ್ತಾರೆ. ತಿಂಗಳಿಗೊಮ್ಮೆ ಆಪ್ತಸಮಾಲೋಚಕರೊಬ್ಬರ ಜೊತೆ ಒಂದು ಗಂಟೆ ಕೂರುವುದೂ ಇದೇ ಕಾರಣಕ್ಕೆ. ಜೊತೆಗಾರರಿಗೇ ಕಾಯಿಲೆ ಮರುಕಳಿಸಿದರೆ ನಡೆಸುವವರ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ, ಗುಂಪಿನಲ್ಲಿ ಕುರ್ಚಿ ಹಾಗೇ ಇರುತ್ತದೆ. ಬಾಗಿಲ ಬಳಿಯ ಕುರ್ಚಿಯಲ್ಲಿ ಅವರು ಬಂದು ಕೂತ ದಿನ, ಅವರು ನಡೆಸಿದ ಹತ್ತು ಸಭೆಗಳಿಂದ ಆಗದ ಕೆಲಸ ಹೊಸಬರಲ್ಲಿ ಆಗಿರುತ್ತದೆ.

ಮೂರನೇ ತಿಂಗಳಿಗೆ ಹಾಜರಿ ಇಳಿಯುತ್ತದೆ. ಕೊಯ್ಲು, ಕೆಲಸ ಸಿಕ್ಕಿದ್ದು, ಬಸ್ ಚಾರ್ಜು, ಮನೆಯವರ ತಡೆ, ಕೆಲವೊಮ್ಮೆ ಗುಣವಾದದ್ದೂ ಕಾರಣ. ಎರಡು ಸಲ ಬಾರದವರಿಗೆ ಒಂದು ಫೋನ್, ನಾಲ್ಕು ಸಲ ಬಾರದಿದ್ದರೆ ಮನೆಗೆ ಭೇಟಿ, ಅದೂ ಅವರು ಮೊದಲೇ ಒಪ್ಪಿ ಬರೆದುಕೊಟ್ಟಿದ್ದರೆ ಮಾತ್ರ. ಮನೆಯವರು ಬಾಗಿಲಲ್ಲೇ "ಅವ್ನು ಅಲ್ಲಿ ಏನೇನ್ ಹೇಳ್ತಾನೆ?" ಎಂದು ಕೇಳುತ್ತಾರೆ. "ಅದನ್ನ ಅವ್ರೇ ಹೇಳ್ಬೇಕಮ್ಮಾ, ನಾವು ಹೇಳಂಗಿಲ್ಲ. ಹೆಂಗಿದ್ದಾರೆ ಅಂತ ನೋಡ್ಕೊಂಡು ಹೋಗೋಕೆ ಬಂದ್ವಿ" ಎನ್ನುವುದು ಉತ್ತರ. ಒಳಗಿನ ಕೋಣೆಗೆ ಆ ಮಾತು ಕೇಳಿಸುವಷ್ಟು ದನಿಯಲ್ಲೇ ಹೇಳುತ್ತೇವೆ.